ಗೇರಿನ ಸೊನೆ ತಾಗಿದರೆ

ಚಳಿ ಹಿಂದಾಗಿ ಬಿಸಿಲು ಏರುವ ಹೊತ್ತಿಗೆ ಮೆಟ್ಟೂರು ಅಣೆಕಟ್ಟಿನ ಮಗ್ಗುಲಿನ ಪಾಲಮಲೆಯ ಇಳಿಜಾರುಗಳಲ್ಲಿ ಕಾಡು ಬೋಳಾಗತೊಡಗುತ್ತದೆ. ಸೌದೆಗೆ ಹೋದವರ ಕಾಲಡಿಯ ತರಗೆಲೆಗಳ ನಡುವೆ ಕಿತ್ತಳೆ ಬಣ್ಣದ ಮೆತ್ತನೆಯ ಹಣ್ಣು, ಅದರ ತುದಿಗೆ ಅಂಟಿಕೊಂಡ ಮಿರುಗುವ ಕಪ್ಪು ಕಾಯಿ ಬಿದ್ದಿರುತ್ತದೆ. ಯಾರೋ ಒಣಗಿದ್ದೆಂದುಕೊಂಡು ಆ ಮರದ ಹಸಿಕೊಂಬೆಗೆ ಮಚ್ಚು ಹಾಕುತ್ತಾರೆ, ಮುಂಗೈಯಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಾರೆ, ಹೊರೆ ಕಟ್ಟಿ ತಲೆಗೇರಿಸಿಕೊಂಡು ಇಳಿದು ಬರುತ್ತಾರೆ. ಅಂದು ರಾತ್ರಿ ನಿದ್ದೆ ಚೆನ್ನಾಗಿಯೇ ಬರುತ್ತದೆ. ಮರುದಿನ ಹೊತ್ತು ಮುಳುಗುವ ವೇಳೆಗೆ ಹಣೆಯಲ್ಲಿ ನವೆ. ಅದರ ಮಾರನೆಯ ಬೆಳಗ್ಗೆ ರೆಪ್ಪೆ ಊದಿ ಕಣ್ಣು ಬಿಡಲಾಗುವುದಿಲ್ಲ, ಮುಂಗೈ ಮೇಲೆ ಗೆರೆ ಎಳೆದಂತೆ ಸಾಲಾಗಿ ನೀರುಗುಳ್ಳೆ. ಮನೆಯವರು ನಿನ್ನೆ ತಿಂದದ್ದೇನೆಂದು ಕೇಳುತ್ತಾರೆ, ಹುಳ ಮುಟ್ಟಿರಬೇಕೆನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಎರಡು ದಿನದ ಹಿಂದಿನ ಮರ ಎಷ್ಟೋ ಸಲ ನೆನಪಿಗೇ ಬರುವುದಿಲ್ಲ.

ಆ ಮರ ಗೇರು. ಕರಾವಳಿಯವರಿಗೆ ಗೇರು ಎಂದರೆ ಗೋಡಂಬಿ. ಇಲ್ಲಿ ಹೇಳುತ್ತಿರುವುದು ಒಣಕಾಡಿನ ಗೇರು, ಕೆಲವೆಡೆ ಕರಿಗೇರು ಎನ್ನುವ, ಆಯುರ್ವೇದ ಭಲ್ಲಾತಕ ಎಂದು ಕರೆಯುವ ಮರ. ಸೇಲಂ, ಧರ್ಮಪುರಿ ಸೀಮೆಯ ತಮಿಳರು ಇದರ ಕಾಯಿಗೆ ಸೇರಾಂಗೊಟ್ಟೈ ಎನ್ನುತ್ತಾರೆ. ಇದರ ಸೊನೆ ಮಾಡುವ ಬಾಧೆಯ ಬಗ್ಗೆ ಹೆದರಿಕೆ ಎಲ್ಲರಿಗೂ ಇದೆ, ತಿಳಿವಳಿಕೆ ಮಾತ್ರ ಅರೆಬರೆ. ಆ ಅರೆಬರೆಯಿಂದಲೇ ಹಾನಿ ಹೆಚ್ಚುತ್ತದೆ. ಗುಳ್ಳೆ ಎದ್ದ ಮೇಲೆ ಏನು ಹಚ್ಚಬೇಕೆಂದು ಊರೆಲ್ಲ ಸಲಹೆ ಕೊಡುತ್ತದೆ. ಸೊನೆ ತಾಗಿದ ಆ ಗಳಿಗೆಯಲ್ಲಿ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಆದರೆ ಮುಂದಿನ ಮೂರು ವಾರ ಹೇಗಿರಬೇಕೆಂಬುದು ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಹಾಗೆನ್ನಲು ಆ ಸೊನೆಯ ಗುಣವೇ ಆಧಾರ.

ಒಂದೇ ಮನೆತನದ ಮರಗಳು

ಮಾವು, ಗೋಡಂಬಿ, ಗೇರು, ಪಶ್ಚಿಮ ಘಟ್ಟದ ಹೊಳೆಗೇರು, ಜಪಾನಿನಲ್ಲಿ ಮರದ ಪೆಟ್ಟಿಗೆಗಳಿಗೆ ಹೊಳಪು ಕೊಡುವ ಅರಗಿನ ಮರ, ಅಮೆರಿಕದ ಕಾಡಂಚಿನಲ್ಲಿ ಹಬ್ಬುವ ಪಾಯ್ಸನ್ ಐವಿ ಬಳ್ಳಿ: ಇವೆಲ್ಲ ಒಂದೇ ಸಸ್ಯ ಕುಟುಂಬದವು. ಮಾವಿನಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮಿದ ಸೊನೆ ತುಟಿಗೆ ತಾಗಿ ಸುಟ್ಟಂತಾಗುವುದನ್ನು ಕಂಡವರಿಗೆ ಈ ಕುಟುಂಬದ ಸ್ವಭಾವದ ಪರಿಚಯ ಈಗಾಗಲೇ ಇದೆ. ಅದೇ ಗುಣ ಗೇರಿನಲ್ಲಿ ಹಲವು ಪಟ್ಟು ಹೆಚ್ಚು. ಭಾರತದಲ್ಲಿ ಪಾಯ್ಸನ್ ಐವಿ ಬೆಳೆಯುವುದಿಲ್ಲ. ಆದರೆ ಅದು ಮೈಯಲ್ಲಿ ಏಳಿಸುವ ಗುಳ್ಳೆಗೂ ಗೇರು ಏಳಿಸುವ ಗುಳ್ಳೆಗೂ ಕಾರಣವಾದ ವಸ್ತುಗಳು ಒಡಹುಟ್ಟಿದವು. ಪಾಯ್ಸನ್ ಐವಿಯಲ್ಲಿ, ಜಪಾನಿನ ಅರಗಿನಲ್ಲಿ ಇರುವುದು ಉರುಶಿಯಾಲ್. ಅದರ ರಚನೆಯನ್ನು ಜಪಾನಿನ ರಸಾಯನ ವಿಜ್ಞಾನಿ ರಿಕೊ ಮಜಿಮಾ 1922ರ ಹೊತ್ತಿಗೆ ಬಿಡಿಸಿಟ್ಟರು. ಗೇರಿನಲ್ಲಿರುವುದು ಭಿಲವನಾಲ್.

ಈ ಎರಡರ ಅಣುವಿಗೂ ಒಂದು ತುದಿಯಲ್ಲಿ ಉಂಗುರ, ಅದಕ್ಕೆ ಅಂಟಿಕೊಂಡು 15 ಅಥವಾ ಅದಕ್ಕಿಂತ ತುಸು ಹೆಚ್ಚು ಇಂಗಾಲದ ಪರಮಾಣುಗಳ ಉದ್ದನೆಯ ಬಾಲ. ಓದುಗರಿಗೆ ಈ ರಸಾಯನ ಶಾಸ್ತ್ರ ಏಕೆ ಬೇಕೆಂದರೆ, ಆ ಬಾಲವೇ ಎಲ್ಲ ತೊಂದರೆಗೂ ಮೂಲ. ಅದು ಇರುವುದರಿಂದ ಈ ವಸ್ತು ಎಣ್ಣೆಯಂತೆ ವರ್ತಿಸುತ್ತದೆ: ಬರೀ ನೀರಿಗೆ ಜಗ್ಗುವುದಿಲ್ಲ, ಚರ್ಮದ ಜಿಡ್ಡಿನೊಳಗೆ ಸುಲಭವಾಗಿ ಇಳಿಯುತ್ತದೆ, ಗಾಳಿಗೆ ಆವಿಯಾಗಿ ಹೋಗುವುದೂ ಇಲ್ಲ. ಮಚ್ಚಿನ ಹಿಡಿಗೆ, ಪಂಚೆಯ ಅಂಚಿಗೆ, ಚಪ್ಪಲಿಯ ಬಾರಿಗೆ ತಾಗಿದ್ದು ದಿನಗಟ್ಟಲೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಕಾಡಿಗೆ ಕಾಲಿಡದ ಹೆಂಗಸಿನ ಕೈಗೆ ಗಂಡನ ಬಟ್ಟೆ ಒಗೆದ ಮಾರನೆಯ ದಿನ ನವೆ ಏಳಲು ಇದೇ ಕಾರಣ.

ಮೈ ನೆನಪಿಟ್ಟುಕೊಳ್ಳುವ ಬಗೆ

ಸೊನೆಯ ಎಣ್ಣೆ ಚರ್ಮದೊಳಗೆ ಇಳಿದ ಮೇಲೆ ರೂಪ ಬದಲಿಸಿ ಅಲ್ಲಿನ ಪ್ರೋಟೀನುಗಳಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಸ್ವಂತ ಚರ್ಮದ ಪ್ರೋಟೀನೇ ಹೀಗೆ ವೇಷ ಬದಲಿಸಿದಾಗ ದೇಹದ ಕಾವಲು ಕಣಗಳಿಗೆ ಅದು ಹೊರಗಿನದಾಗಿ ಕಾಣುತ್ತದೆ. ಚರ್ಮದಲ್ಲಿರುವ ಒಂದು ಬಗೆಯ ಕಣಗಳು ಅದರ ತುಣುಕನ್ನು ಎತ್ತಿಕೊಂಡು ಹತ್ತಿರದ ಹಾಲುರಸ ಗ್ರಂಥಿಗೆ ಹೋಗುತ್ತವೆ; ಅಲ್ಲಿ ಟಿ ಕಣಗಳೆಂಬ ಬಿಳಿರಕ್ತಕಣಗಳು ಅದನ್ನು ಗುರುತು ಮಾಡಿಕೊಳ್ಳುತ್ತವೆ. ಮೊದಲ ಸಲ ಈ ಕೆಲಸಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಆದ್ದರಿಂದಲೇ ಮೊದಲ ಬಾರಿ ಸೊನೆ ಸೋಕಿದವರಲ್ಲಿ ಅನೇಕರಿಗೆ ಏನೂ ಆಗುವುದಿಲ್ಲ. ಅವರು ತಮಗೆ ಗೇರು ಹತ್ತುವುದಿಲ್ಲವೆಂದು ನಂಬುತ್ತಾರೆ. ಮುಂದಿನ ಸಲ ಸೋಕಿದಾಗ ಆ ಗುರುತು ಸಿದ್ಧವಾಗಿರುತ್ತದೆ. ಒಂದೆರಡು ದಿನದಲ್ಲೇ ಟಿ ಕಣಗಳು ದಂಡೆತ್ತಿ ಬಂದು ಚರ್ಮದಲ್ಲಿ ಉರಿಯೂತ ಎಬ್ಬಿಸುತ್ತವೆ. ಗುಳ್ಳೆ, ಊತ, ತಡೆಯಲಾಗದ ಕಡಿತ, ಇಷ್ಟೂ ನಮ್ಮದೇ ದೇಹ ಮಾಡುವ ಕೆಲಸ.

ಇದಕ್ಕೆ ಒಂದು ಆಕ್ಷೇಪವಿದೆ, ನ್ಯಾಯವಾದದ್ದೇ. ಗೇರಿನ ಕಾಯಿ ಜಜ್ಜಿದವರಿಗೆ ಮೊದಲ ಸಲವೇ, ಅದೂ ಕೆಲವು ಗಂಟೆಗಳಲ್ಲೇ, ಬೊಬ್ಬೆ ಎದ್ದದ್ದುಂಟಲ್ಲ? ಉಂಟು. ಕಾಯಿಯ ಸಿಪ್ಪೆಯೊಳಗಿನ ರಸ ಅಷ್ಟು ಗಟ್ಟಿ. ನೆನಪಿನ ಹಂಗಿಲ್ಲದೆ ಚರ್ಮವನ್ನು ನೇರವಾಗಿ ಸುಡಬಲ್ಲದು. ಈ ಗುಣವನ್ನು ಕೇಡಿಗೆ ಬಳಸಿದವರೂ ಇದ್ದಾರೆ. ಸುಳ್ಳು ದೂರು ಕೊಡಲು ಗೇರಿನ ರಸವನ್ನು ಮೈಗೆ ಹಚ್ಚಿಕೊಂಡು, ಹೊಡೆತದ ಬಾಸುಂಡೆಯೆಂದು ತೋರಿಸುವುದು ಭಾರತದಲ್ಲಿ ಎಷ್ಟು ರೂಢಿಯಲ್ಲಿತ್ತೆಂದರೆ, ನಮ್ಮ ನ್ಯಾಯವೈದ್ಯಕೀಯ ಪಠ್ಯಪುಸ್ತಕಗಳು ಇಂದಿಗೂ ನಿಜವಾದ ಗಾಯಕ್ಕೂ ಗೇರಿನ ಗಾಯಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತವೆ. ಕಲೆಯ ಸುತ್ತ ಸಣ್ಣ ಗುಳ್ಳೆಗಳಿವೆಯೇ, ನವೆ ಇದೆಯೇ, ಗಾಯ ಸ್ವಂತ ಕೈಗೆ ಎಟಕುವ ಜಾಗದಲ್ಲೇ ಇದೆಯೇ, ಕೆರೆದುಕೊಂಡ ಬೆರಳ ತುದಿಯಲ್ಲೂ ಗುಳ್ಳೆ ಎದ್ದಿದೆಯೇ ಎಂದು ವೈದ್ಯರು ನೋಡುತ್ತಾರೆ. ಹೀಗೆ ಗೇರಿನಲ್ಲಿ ಎರಡು ಬಾಧೆ ಕೂಡಿವೆ. ಗಟ್ಟಿ ರಸದ ಸುಡುವಿಕೆ ಯಾರಿಗಾದರೂ ಆಗುತ್ತದೆ. ತೆಳುವಾಗಿ ಸೋಕಿದರೂ ಕೆರಳುವ ಅಲರ್ಜಿ ನೆನಪು ಬೇರೂರಿದವರಿಗೆ ಆಗುತ್ತದೆ. ಎರಡಕ್ಕೂ ಮೊದಲ ಉಪಾಯ ಒಂದೇ, ಎಣ್ಣೆ ಇಳಿಯುವ ಮೊದಲೇ ಅದನ್ನು ತೆಗೆಯುವುದು.

ಅಗಸರ ಗುರುತು, ಸಿಪಾಯಿಗಳ ಕುತ್ತಿಗೆ

ಎಷ್ಟು ಕಡಿಮೆ ಸೊನೆ ಸಾಕು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಪುರಾವೆ ಇದೆ. ಬಟ್ಟೆ ಯಾರ ಮನೆಯದೆಂದು ತಿಳಿಯಲು ಅಗಸರು ಗೇರಿನ ಕಾಯಿಗೆ ಸೂಜಿ ಚುಚ್ಚಿ, ಅದರ ತುದಿಗೆ ಹತ್ತಿದ ರಸದಿಂದ ಬಟ್ಟೆಯ ಮೂಲೆಯಲ್ಲಿ ಚುಕ್ಕೆ, ಗೆರೆ ಇಡುತ್ತಿದ್ದರು. ಮೇಲೆ ಸುಣ್ಣ ತಾಗಿಸಿದರೆ ಗುರುತು ಕಡುಗಪ್ಪಾಗಿ ನಿಲ್ಲುತ್ತದೆ. ಕಲ್ಲಿಗೆ ಬಡಿದು ಎಷ್ಟು ಸಲ ಒಗೆದರೂ ಮಾಸುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿಳಿದ ಅಮೆರಿಕದ ಸೈನಿಕರಲ್ಲಿ ಕೆಲವರಿಗೆ ಕುತ್ತಿಗೆಯ ಹಿಂಭಾಗದಲ್ಲಿ, ಸೊಂಟದ ಪಟ್ಟಿಯ ಜಾಗದಲ್ಲಿ ಕೆಂಪಗೆ ದದ್ದು ಎದ್ದು ನೀರೊಡೆಯಿತು. ಅಂಗಿಯ ಕೊರಳಪಟ್ಟಿಯ ಗುರುತು ಎಲ್ಲಿ ಒತ್ತುತ್ತಿತ್ತೋ ಸರಿಯಾಗಿ ಅಲ್ಲೇ ಗಾಯ. ಸೇನಾ ವೈದ್ಯರು ಇದನ್ನು 1943ರಲ್ಲಿ ವರದಿ ಮಾಡಿದರು.

ಈ ಪ್ರಕರಣ ಹೇಳುವ ಸಂಗತಿಗಳು ಎರಡು. ಸೂಜಿಯ ಮೊನೆಯಷ್ಟು ರಸ, ಬಟ್ಟೆಯಲ್ಲಿ ಒಣಗಿ ಒಗೆತ ಕಂಡ ಮೇಲೂ ಚರ್ಮವನ್ನು ಕೆರಳಿಸಬಲ್ಲದು. ಅದಕ್ಕಿಂತ ಮುಖ್ಯವಾದದ್ದು, ಆ ಸೈನಿಕರಲ್ಲಿ ಅನೇಕರು ತಮ್ಮ ಊರಿನಲ್ಲಿ ಪಾಯ್ಸನ್ ಐವಿ ಮುಟ್ಟಿ ಬೆಳೆದವರಾಗಿರಬಹುದು. ಒಂದು ಗಿಡದಿಂದ ಕಲಿತ ನೆನಪನ್ನು ದೇಹ ಅದರ ನಂಟಿನ ಇನ್ನೊಂದು ಮರದ ಮೇಲೂ ತೋರಿಸುತ್ತದೆ. ಇದು ಹಿಮ್ಮುಖವಾಗಿಯೂ ನಿಜ. ಇಲ್ಲಿ ಗೇರು ಹತ್ತಿದವರು ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ ಹಿತ್ತಲ ಬೇಲಿಯ ಮೂರೆಲೆಯ ಬಳ್ಳಿ ಕಿತ್ತರೆ, ಜೀವನದಲ್ಲಿ ಎಂದೂ ಕಾಣದ ಆ ಬಳ್ಳಿಗೂ ಮೈ ಕೆರಳಬಹುದು. ಮಾವಿನ ಸಿಪ್ಪೆ, ಗೋಡಂಬಿಯ ಸಿಪ್ಪೆಯ ಎಣ್ಣೆ ಕೂಡ ಇದೇ ನಂಟಿನವು. ಗೋಡಂಬಿ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವ ಹೆಂಗಸರು ಅಂಗೈಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಸವರಿಕೊಂಡು ಕೂರುವುದು ಆ ಎಣ್ಣೆ ಚರ್ಮಕ್ಕೆ ನೇರವಾಗಿ ತಾಗದಿರಲೆಂದೇ. ಪುಸ್ತಕ ಓದದೆ, ಕೈ ಸುಟ್ಟುಕೊಂಡು ಕಂಡುಕೊಂಡ ಜ್ಞಾನ ಅದು, ಹಗುರವಾಗಿ ನೋಡುವಂಥದ್ದಲ್ಲ.

ಮೊದಲ ಅರ್ಧ ಗಂಟೆ

ಚರ್ಮಕ್ಕೆ ತಾಗಿದ ಸೊನೆ ಒಳಗಿಳಿದು ಕಚ್ಚಿಕೊಳ್ಳಲು ಕೆಲವೇ ನಿಮಿಷ ಸಾಕು. ಅರ್ಧ ಗಂಟೆ ಕಳೆದರೆ ಬಹುಪಾಲು ಕೈಮೀರಿರುತ್ತದೆ. ಹಾಗಾಗಿ ಮನೆಗೆ ಹೋಗಿ ಸ್ನಾನ ಮಾಡಿದರಾಯಿತು ಎಂಬ ಯೋಚನೆ ತಡವಾಯಿತೆಂದೇ ಲೆಕ್ಕ. ತಾಗಿದ ಕೂಡಲೇ, ಇದ್ದಲ್ಲಿಯೇ, ಹರಿಯುವ ತಣ್ಣೀರಿನಲ್ಲಿ ಸೋಪು ಹಾಕಿ ಬಟ್ಟೆಯಿಂದ ಒರೆಸಿ ಒರೆಸಿ ತೊಳೆಯಬೇಕು, ಒಮ್ಮೆ ಅಲ್ಲ, ಮೂರು ನಾಲ್ಕು ಸಲ. ಪಾತ್ರೆಯ ಜಿಡ್ಡು ತೆಗೆಯುವ ಸೋಪು ಇನ್ನೂ ಒಳ್ಳೆಯದು. ಕಲ್ಲಿನಿಂದ, ತೆಂಗಿನ ನಾರಿನಿಂದ ಗಸಗಸ ಉಜ್ಜಿದರೆ ಚರ್ಮ ತರಚಿ ಸೊನೆಗೆ ದಾರಿ ಮಾಡಿಕೊಟ್ಟಂತೆ. ಬಿಸಿನೀರು ಬೇಡ. ಉಗುರಿನ ಸಂದಿ ಮರೆಯಬಾರದು. ಕಣ್ಣಿಗೆ, ಗುಪ್ತಾಂಗಕ್ಕೆ ಸೊನೆ ಹೋಗುವುದು ಹೆಚ್ಚಾಗಿ ಉಗುರಿನ ಮೂಲಕವೇ. ಗಂಡಸರು ಸೌದೆ ಕಡಿದ ಕೈಯಲ್ಲಿ ಮೂತ್ರಕ್ಕೆ ಕೂತೆದ್ದು ಆಮೇಲೆ ಪಡುವ ಪಾಡನ್ನು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಅರ್ಧ ಗಂಟೆ ಮೀರಿದ್ದರೂ ತೊಳೆಯದೆ ಬಿಡಬಾರದು, ಉಳಿದ ಸೊನೆ ಮೈಯ ಬೇರೆ ಕಡೆಗೆ ಹೋಗುವುದಾದರೂ ತಪ್ಪುತ್ತದೆ. ಹಾಕಿದ್ದ ಬಟ್ಟೆ ಬೇರೆಯಾಗಿ ಒಗೆಯಬೇಕು. ಮಚ್ಚು, ಹಗ್ಗ, ಚಪ್ಪಲಿಯನ್ನೂ ಸೋಪಿನ ನೀರಿನಲ್ಲಿ ತೊಳೆಯಬೇಕು. ಜೊತೆಗೆ ಬಂದ ನಾಯಿಯ ತುಪ್ಪಳವೂ ಸೊನೆ ಹೊತ್ತು ತರಬಲ್ಲದು.

ಊರಿನ ಹಿರಿಯರು ಕೊಬ್ಬರಿ ಎಣ್ಣೆ ಹಚ್ಚಲು ಹೇಳುತ್ತಾರಲ್ಲ, ಅದು ತಪ್ಪೇ? ಪೂರ್ತಿ ತಪ್ಪಲ್ಲ, ಅರ್ಧ ಸರಿ. ಎಣ್ಣೆ ಎಣ್ಣೆಯನ್ನು ಕರಗಿಸುತ್ತದೆ, ಹಾಗಾಗಿ ಕೊಬ್ಬರಿ ಎಣ್ಣೆ ಸವರಿ, ತಕ್ಷಣ ಬಟ್ಟೆಯಿಂದ ಒರೆಸಿ, ಬಳಿಕ ಸೋಪಿನಿಂದ ತೊಳೆದರೆ ಸೊನೆ ಚೆನ್ನಾಗಿಯೇ ಬಿಡುತ್ತದೆ. ಕಾಡಿನಲ್ಲಿ ಸೋಪಿಲ್ಲದಾಗ ಇದು ಬುದ್ಧಿವಂತಿಕೆಯ ದಾರಿ. ಆದರೆ ಹಚ್ಚಿದ ಎಣ್ಣೆಯನ್ನು ಹಾಗೇ ಬಿಟ್ಟರೆ ಕಾಸಿನಗಲ ಇದ್ದ ಸೊನೆ ಅಂಗೈಯಗಲ ಹರಡುತ್ತದೆ. ಸುಣ್ಣ, ಸೀಮೆಎಣ್ಣೆ, ಬ್ಯಾಟರಿ ಪುಡಿ ಇತ್ಯಾದಿಗಳನ್ನು ಮಾತ್ರ ಯಾವ ಕಾರಣಕ್ಕೂ ಹಚ್ಚಬಾರದು. ಅವು ಇರುವ ಗಾಯದ ಮೇಲೆ ಇನ್ನೊಂದು ಸುಟ್ಟಗಾಯ ಮಾಡುತ್ತವೆ.

ಗುಳ್ಳೆ ಎದ್ದ ಮೇಲೆ

ಗುಳ್ಳೆಯ ನೀರು ತಾಗಿದರೆ ಬೇರೆಯವರಿಗೂ ಹತ್ತುತ್ತದೆ ಎಂಬ ಮಾತು ಎಲ್ಲ ಊರಿನಲ್ಲೂ ಇದೆ. ಇದರಿಂದ ರೋಗಿಯನ್ನು ಮೂಲೆಗೆ ಕೂರಿಸುವುದು, ತಾಯಿ ಮಗುವನ್ನು ಎತ್ತಿಕೊಳ್ಳದಂತೆ ತಡೆಯುವುದು ನಡೆಯುತ್ತದೆ. ಆ ನೀರು ರಕ್ತದಿಂದ ಜಿನುಗಿದ ದ್ರವ. ಅದರಲ್ಲಿ ಸೊನೆ ಇರುವುದಿಲ್ಲ. ಹಾಗಿದ್ದರೆ ದಿನಕ್ಕೊಂದು ಕಡೆ ಹೊಸ ಗುಳ್ಳೆ ಏಳುವುದೇಕೆ? ರೆಪ್ಪೆ, ಕುತ್ತಿಗೆಯಂಥ ತೆಳು ಚರ್ಮದಲ್ಲಿ ಬೇಗ, ತೋಳು, ಕಾಲಿನ ದಪ್ಪ ಚರ್ಮದಲ್ಲಿ ತಡವಾಗಿ, ಹೆಚ್ಚು ಸೊನೆ ಬಿದ್ದಲ್ಲಿ ಮೊದಲು, ಕಡಿಮೆ ಬಿದ್ದಲ್ಲಿ ಆಮೇಲೆ ಏಳುವುದರಿಂದ ಹರಡಿದಂತೆ ಕಾಣುತ್ತದೆ. ಒಂದು ವಾರದ ಮೇಲೂ ಹೊಸತು ಏಳುತ್ತಲೇ ಇದ್ದರೆ ಮನೆಯ ಯಾವುದೋ ವಸ್ತುವಿನಲ್ಲಿ ಸೊನೆ ಉಳಿದಿದೆಯೆಂದು ತಿಳಿದು ಮಚ್ಚಿನ ಹಿಡಿಯನ್ನು, ಹೊರೆಯ ಸಿಂಬಿಯನ್ನು ನೋಡಬೇಕು.

ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇದು ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಹದಿನೈದು ಇಪ್ಪತ್ತು ನಿಮಿಷ ಇಡುವುದು, ಕ್ಯಾಲಮೈನ್ ಲೋಷನ್ ಹಚ್ಚುವುದು, ಉಗುರು ಕತ್ತರಿಸಿಕೊಳ್ಳುವುದು, ಗುಳ್ಳೆ ಒಡೆಯದಿರುವುದು. ಗುಳ್ಳೆ ಏಳುವ ಮೊದಲ ಹಂತದಲ್ಲಿ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಮುಲಾಮು ಚೆನ್ನಾಗಿ ಕೆಲಸ ಮಾಡುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ಮುಖಕ್ಕೆ ಬಳಿದುಕೊಳ್ಳುವುದು ಬೇಡ, ತೆಳು ಚರ್ಮಕ್ಕೆ ಅದೇ ಹಾನಿ. ನವೆಯ ಮಾತ್ರೆ ಎಂದು ಕೊಡುವ ಅಲರ್ಜಿ ಮಾತ್ರೆಗಳಿಂದ ರಾತ್ರಿ ನಿದ್ದೆ ಬರಬಹುದು, ಈ ಕಡಿತ ಅಷ್ಟಾಗಿ ತಗ್ಗದು, ಏಕೆಂದರೆ ಅವು ತಡೆಯುವ ಹಿಸ್ಟಮಿನ್ ಈ ಉರಿಯೂತದಲ್ಲಿ ಮುಖ್ಯ ಪಾತ್ರಧಾರಿ ಅಲ್ಲ. ಮುಖ, ಗುಪ್ತಾಂಗ ಊದಿದ್ದರೆ ಅಥವಾ ಮೈಯ ಹೆಚ್ಚು ಭಾಗಕ್ಕೆ ಹಬ್ಬಿದ್ದರೆ ವೈದ್ಯರು ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಅದನ್ನು ಎರಡು ಮೂರು ವಾರ, ನಿಧಾನವಾಗಿ ಇಳಿಸುತ್ತ ತೆಗೆದುಕೊಳ್ಳಬೇಕು. ನಾಲ್ಕೈದು ದಿನಕ್ಕೆ ವಾಸಿಯಾಯಿತೆಂದು ಬಿಟ್ಟರೆ ಮರುವಾರ ಜೋರಾಗಿ ಮರುಕಳಿಸಬಹುದು. ಆಗ ಮಾತ್ರೆಯೇ ಸರಿಯಿಲ್ಲವೆಂದು ದೂರುವುದು ಸಾಮಾನ್ಯ. ಸಕ್ಕರೆ ಕಾಯಿಲೆ ಇರುವವರು ಆ ಮಾತು ಮೊದಲೇ ವೈದ್ಯರಿಗೆ ಹೇಳಬೇಕು. ಕೀವು, ಜ್ವರ, ಉಸಿರಿನ ತೊಂದರೆ ಕಂಡರೆ, ಅಥವಾ ರಸ ಹೊಟ್ಟೆಗೆ ಹೋಗಿದ್ದರೆ ಕಾಯುವ ಮಾತೇ ಇಲ್ಲ.

ಪಾಲಮಲೆಯಂಥ ಕಡೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ ಆಡುವವರು ಇಳಿದು ಹೋಗುವುದು ತಮಿಳಿನ ಆಸ್ಪತ್ರೆಗೆ. ಅಲ್ಲಿ ಗೇರು ಎಂದರೆ ತಿಳಿಯದೆ ಹೋಗಬಹುದು. ಸೇರಾಂಗೊಟ್ಟೈ ಮರ ಮುಟ್ಟಿದ್ದೆ, ಎರಡು ದಿನವಾಯಿತು ಎಂದಷ್ಟು ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಸರ್ಪಸುತ್ತೆಂದೋ ಸೋಂಕೆಂದೋ ಬೇರೆ ಔಷಧ ನಡೆಯುವುದು ತಪ್ಪುತ್ತದೆ.

ಔಷಧಿಯಾಗಿಯೂ ಬಳಸುತ್ತಾರಲ್ಲ

ಇಷ್ಟು ಕೇಡಿನ ಕಾಯಿಯನ್ನು ಚರಕ ಸಂಹಿತೆಯ ರಸಾಯನ ಪ್ರಕರಣವೇ ಹೊಗಳಿದೆಯಲ್ಲ ಎಂಬ ಪ್ರಶ್ನೆ ಸಹಜ. ಆದರೆ ಆ ಪರಂಪರೆಯೇ ಹಸಿ ಕಾಯಿಯನ್ನು ಬಳಸಲು ಒಪ್ಪುವುದಿಲ್ಲ. ಮೊದಲು ಶೋಧನೆಯಾಗಬೇಕು: ತೊಟ್ಟು ತೆಗೆದ ಕಾಯಿಗಳನ್ನು ಇಟ್ಟಿಗೆ ಪುಡಿಯ ಜೊತೆ ಗೋಣಿಯಲ್ಲಿ ಹಾಕಿ ತಿಕ್ಕುತ್ತಾರೆ, ಪುಡಿ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಆಮೇಲೆ ಬಿಸಿನೀರಿನಲ್ಲಿ ತೊಳೆದು ಎಳನೀರಿನಲ್ಲೋ ಹಾಲಿನಲ್ಲೋ ಬೇಯಿಸುತ್ತಾರೆ. ಈ ಕೆಲಸ ಮಾಡುವವರು ಕೈಗೆ, ಮುಖಕ್ಕೆ ಕೊಬ್ಬರಿ ಎಣ್ಣೆಯನ್ನೋ ತುಪ್ಪವನ್ನೋ ಸವರಿಕೊಂಡು, ಕೈಗವಸು ತೊಟ್ಟೇ ಕೂರುತ್ತಾರೆ. ನಮ್ಮ ದೇಶದ ಔಷಧ ನಿಯಮಗಳು ಭಲ್ಲಾತಕವನ್ನು ವಿಷವಸ್ತುಗಳ ಪಟ್ಟಿಯಲ್ಲಿ ಇಟ್ಟು, ಅದು ಸೇರಿದ ಔಷಧಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂದು ಲೇಬಲ್ಲಿನಲ್ಲಿ ಬರೆಯಲು ಹೇಳುತ್ತವೆ. ಕೀಲುನೋವಿಗೆಂದು, ಹಿಮ್ಮಡಿ ಒಡೆದದ್ದಕ್ಕೆಂದು ಕಾಯಿಯನ್ನು ಕಾಸಿ ರಸ ಬಿಡುವುದು ಆ ಶಾಸ್ತ್ರದ ಹೆಸರಿನಲ್ಲಿ ನಡೆಯುತ್ತಿದ್ದರೂ ಶಾಸ್ತ್ರ ಹೇಳುವ ಎಚ್ಚರವನ್ನು ಬಿಟ್ಟು ನಡೆಯುವಂಥದ್ದು.

ಮರ ಕಡಿದರೆ ಮುಗಿಯುವುದೇ

ಗೇರಿನ ಮರದ ಗಾಳಿ ಸೋಕಿದರೂ ಮೈ ಊದುತ್ತದೆ ಎಂಬ ನಂಬಿಕೆಯಿಂದ, ದಾರಿಯ ಬದಿಯ ಮರಗಳನ್ನೆಲ್ಲ ಕಡಿಯಬೇಕೆಂಬ ಮಾತು ಬರುತ್ತದೆ. ಕೇರಳದಲ್ಲಿ ಇದೇ ಭಯಕ್ಕೆ ಒಂದು ಆಚರಣೆಯೇ ಹುಟ್ಟಿದೆ: ಅಲ್ಲಿ ಚೇರು ಎನ್ನುವ ಈ ಜಾತಿಯ ಮರದ ಸೊನೆ ಹತ್ತಿದವರು ತಾರೆ ಮರಕ್ಕೆ ಪ್ರದಕ್ಷಿಣೆ ಹಾಕಿ ಬಾಧೆ ನೀಗಲೆಂದು ಬೇಡಿಕೊಳ್ಳುತ್ತಾರೆ. ಆ ನಂಬಿಕೆಯನ್ನು ಹಳಿಯುವ ಅಗತ್ಯವಿಲ್ಲ. ತಾನಾಗಿ ಇಳಿಯುವ ಕಾಯಿಲೆಯಲ್ಲಿ ಮನಸ್ಸಿಗೆ ಸಮಾಧಾನವೂ ಬೇಕು. ಆದರೆ ಪ್ರದಕ್ಷಿಣೆಗೆ ಮೊದಲು ಸೋಪು ಬೇಕು. ಭಿಲವನಾಲ್ ಗಾಳಿಯಲ್ಲಿ ಹಾರುವ ವಸ್ತುವಲ್ಲವಾದ್ದರಿಂದ ಮರದ ಕೆಳಗೆ ಹಾದುಹೋದ ಮಾತ್ರಕ್ಕೆ ಮೈ ಊದಲಾರದು. ಹಾಗೆ ಊದಿದವರು ಮುರಿದ ಎಲೆಯನ್ನೋ ತುಳಿದ ಕಾಯಿಯನ್ನೋ ಮುಟ್ಟಿರುತ್ತಾರೆ. ಗಾಳಿಯ ಮಾತು ನಿಜವಾಗುವುದು ಹೊಗೆಯಲ್ಲಿ. ಈ ಜಾತಿಯ ಮರ, ಕಾಯಿ ಸುಟ್ಟ ಹೊಗೆ ಸೊನೆಯ ಸೂಕ್ಷ್ಮ ಹನಿಗಳನ್ನು ಹೊತ್ತು ಕಣ್ಣು, ಗಂಟಲು, ಶ್ವಾಸನಾಳಕ್ಕೆ ಒಯ್ಯುತ್ತದೆ. ಕಡಿದು ರಾಶಿ ಹಾಕಿ ಬೆಂಕಿ ಇಡುವುದು, ಮರವನ್ನು ನಿಂತಲ್ಲೇ ಬಿಡುವುದಕ್ಕಿಂತ ಎಷ್ಟೋ ಪಾಲು ಅಪಾಯ. ಹಿಂದಿನ ಮರಕಡಿಯುವವರಿಗೆ ಇದು ತಿಳಿದಿತ್ತು. ಬುಡದ ತೊಗಟೆಯನ್ನು ಬಳೆಯಂತೆ ಸುತ್ತಲೂ ಕೆತ್ತಿ, ಮರ ನಿಂತಲ್ಲೇ ಒಣಗುವವರೆಗೆ ಅವರು ಕೊಡಲಿ ಹಾಕುತ್ತಿರಲಿಲ್ಲ.

ಈ ಮರದಿಂದ ಹೊಟ್ಟೆಗೂ ಒಂದಿಷ್ಟು ಸಿಗುತ್ತದೆ. ಕಪ್ಪು ಕಾಯಿಯ ಬುಡದ ಕಿತ್ತಳೆ ಹಣ್ಣು ಕಳಿತ ಮೇಲೆ ತಿನ್ನಲು ಬರುತ್ತದೆ. ಕಾಡಂಚಿನ ಮಕ್ಕಳು ಅದನ್ನು ಬಲ್ಲರು. ಮಕ್ಕಳಿಗೆ ಆ ಹಣ್ಣು ತಿನ್ನಬೇಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ; ಕಪ್ಪು ಕಾಯಿಗೆ ಹಲ್ಲು ತಾಗಿಸಬೇಡಿ, ಅದನ್ನು ದೊಡ್ಡವರು ಬೇರ್ಪಡಿಸಿ ಕೊಡಲಿ ಎಂದರೆ ಕೇಳಿಯಾರು. ಸೌದೆ, ಕಾಡುತ್ಪನ್ನ, ಕಾಡಂಚಿನ ಕೂಲಿ ನಂಬಿದ ಮನೆಗಳಿಗೆ ಮೂರು ವಾರ ಕೈ ಕಟ್ಟಿ ಕೂರುವುದೆಂದರೆ ಮೂರು ವಾರದ ದುಡಿಮೆ ಹೋದಂತೆ. ಅರಣ್ಯ ಇಲಾಖೆ ಬೆಂಕಿರೇಖೆ ಕಡಿಸುವಾಗ, ಉದ್ಯೋಗ ಖಾತರಿಯಲ್ಲಿ ಪೊದೆ ಸವರಿಸುವಾಗ ಕೂಲಿಯವರಿಗೆ ಹಾರೆ ಗುದ್ದಲಿಯ ಜೊತೆ ಒಂದು ಕ್ಯಾನ್ ನೀರು, ಒಂದು ಬಿಲ್ಲೆ ಸೋಪು, ತುಂಬುತೋಳಿನ ಅಂಗಿ ಕೊಡುವುದಕ್ಕೆ ಆಗುವ ಖರ್ಚು ಒಬ್ಬರ ಒಂದು ದಿನದ ಕೂಲಿಯನ್ನೂ ಮೀರಲಾರದು. ಮೇಸ್ತ್ರಿ ಬೆಳಗ್ಗೆ ಕೆಲಸ ಹಂಚುವಾಗಲೇ ಆ ಜಾಗದ ಗೇರಿನ ಮರಗಳನ್ನು ತೋರಿಸಿ, ಇದರ ಸೊನೆ ತಾಗಿದರೆ ಕೆಲಸ ಬಿಟ್ಟು ಬಂದು ಮೊದಲು ಕೈ ತೊಳೆದುಕೊಳ್ಳಿ, ಕೂಲಿ ಹಿಡಿಯುವುದಿಲ್ಲ ಎಂದು ಹೇಳಬೇಕು.